ಹನ್ನೆರಡು ಪದ್ಯದ ಅಂಟು

“ಇದು ಎಂತರ ನಾತ?”

ವಿಘ್ನೇಶ್ವರ ಭಟ್ಟರು ಕೇಳಿದ್ದು ಯಾರನ್ನೂ ಅಲ್ಲ. ಕಾನಸೂರಿನ ಹಳೇ ಅಕ್ಕಿ ಗಿರಣಿಯ ಬಾಗಿಲು ನೂಕಿ ಒಂದು ಕಾಲು ಒಳಗಿಟ್ಟಿದ್ದರು. ಇನ್ನೊಂದು ಹೊರಗೇ ನಿಂತುಬಿಟ್ಟಿತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಹಂಚಿನ ಸಂದಿಯಿಂದ ಬಿದ್ದ ಚೈತ್ರದ ಬಿಸಿಲಿನಲ್ಲಿ ನೊಣ ಹಾರುತ್ತಿದ್ದವು, ಅಷ್ಟೆ.

ಆ ಗಿರಣಿಗೆ ನಾತ ಹೊಸದಲ್ಲ. ಅಲ್ಲಿ ಅಕ್ಕಿ ಮಾಡುವುದು ನಿಂತು ಎಂಟು ವರ್ಷವಾಗಿತ್ತು; ಈಗೆರಡು ವರ್ಷದಿಂದ ಚಿತ್ರ ಮಾಡುವ ಕೆಲಸ ನಡೆದಿತ್ತು. ಟರ್ಪೆಂಟೈನು ಮೂಗಿಗೆ ಚುಚ್ಚುತ್ತಿತ್ತು, ಎನಾಮೆಲ್ ಬಣ್ಣ ತಲೆ ಹಿಡಿಸುತ್ತಿತ್ತು. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ಮಂದ ನೀರಿದೆಯಲ್ಲ, ಚೊಗರು, ಅದು ಮೂರು ಡ್ರಮ್ಮುಗಳಲ್ಲಿ ಹುಳಿತು ಕೂತಿತ್ತು. ಅವಕ್ಕೆಲ್ಲ ಭಟ್ಟರ ಮೂಗು ಒಗ್ಗಿಹೋಗಿತ್ತು. ಇವತ್ತಿನದು ಅವೆಲ್ಲದರ ಅಡಿಯಿಂದ ಎದ್ದು ಬರುತ್ತಿತ್ತು, ಒಂಥರಾ ಸಿಹಿಯಾಗಿ, ಕೊಬ್ಬು ಕೊಬ್ಬಾಗಿ, ಗಂಟಲಲ್ಲಿ ಕೂರುವ ಹಾಗೆ.

ಮೂಲೆಯ ಬಕೆಟ್ಟಿನ ಮೇಲೆ ಮುಚ್ಚಿದ್ದ ಗೋಣಿತಾಟನ್ನು ಅವರು ಎರಡು ಬೆರಳಲ್ಲಿ ಎತ್ತಿದರು. ಯುಗಾದಿಯ ಹಿಂದಿನ ದಿನ ತಾವೇ ಕಾಯಿಸಿದ ಅಂಟು, ಬಳಿದು ಮಿಕ್ಕಿದ್ದು. ಮೇಲೆ ಬೂದು ಬಣ್ಣದ ಕೆನೆ ಕಟ್ಟಿತ್ತು. ಕೆನೆಯ ಅಡಿಯಲ್ಲಿ ಏನೋ ಮಿಸುಕಾಡುತ್ತಿತ್ತು.

ಭಟ್ಟರು ನಲವತ್ತು ವರ್ಷದ ಅಡುಗೆಯವರು. ಸಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ಸೀಮೆಯ ಮದುವೆ ಮುಂಜಿಗಳಲ್ಲಿ ಸೌಟು ಹಿಡಿದವರು. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲವಾದ್ದರಿಂದ ಹುಳಿಗೆ ಉಪ್ಪು ಸಾಕೋ ಬೇಕೋ ಎಂದು ಹಬೆಯಲ್ಲೇ ಹೇಳಬಲ್ಲ ಮೂಗು ಅವರದು. ಆ ಮೂಗಿಗೆ ಈ ವಾಸನೆ ಎಲ್ಲಿಯದೆಂದು ತಕ್ಷಣ ನೆನಪಾಯಿತು. ಎಷ್ಟೋ ವರ್ಷದ ಕೆಳಗೆ ಕೊಟ್ಟಿಗೆಯ ಹಿಂದೆ ಕರುವೊಂದು ಸತ್ತು ಬಿದ್ದದ್ದು ಮೂರನೇ ದಿನ ಗೊತ್ತಾಗಿತ್ತು. ಇದು ಅದೇ ವಾಸನೆ.

ಮರದ ಗೋಂದು ಹೀಗೆ ಕೊಳೆಯುವುದಿಲ್ಲ. ಹುಳಿಯಬಹುದು, ಬೂಸಲು ಹಿಡಿಯಬಹುದು. ಹೆಣದ ಹಾಗೆ ನಾರುವುದಿಲ್ಲ.

ಅಂಟು ಮರದ್ದು ಎಂದವನು ನಂದನ. ನಂದನನೆಂದರೆ ಭಟ್ಟರ ಹೆಂಡತಿ ದೇವಕಿಯ ಒಬ್ಬನೇ ತಮ್ಮ. ಮುಂಬಯಿಯಲ್ಲಿ ಚಿತ್ರ ಕಲಿತು, ಹದಿನೆಂಟು ವರ್ಷ ಅಲ್ಲೇ ಇದ್ದು, ‘ಅಲ್ಲಿ ಕೈ ಬೀಸಲೆ ಜಾಗ ಇಲ್ಲೆ’ ಎಂದು ವಾಪಸು ಬಂದು ಊರ ಹಿರಿಯರಾದ ದೇವರು ಹೆಗಡೆಯವರ ಈ ಗಿರಣಿಯನ್ನು ಬಾಡಿಗೆಗೆ ಹಿಡಿದಿದ್ದ. ಅವನ ಚಿತ್ರದಲ್ಲಿ ದೇವರಿಲ್ಲ, ಮರವಿಲ್ಲ, ಮನುಷ್ಯರ ಮುಖವಿಲ್ಲ. ಭತ್ತ ಒಣಗಿಸುತ್ತಿದ್ದ ನೆಲದ ಮೇಲೆ ಹತ್ತು ಮೊಳದ ಒರಟು ಬಟ್ಟೆ ಹಾಸಿ ಅಂಚಿಗೆಲ್ಲ ಮೊಳೆ ಹೊಡೆಯುತ್ತಿದ್ದ. ಬರಿಗಾಲಲ್ಲಿ ಅದರ ಸುತ್ತ ಅರ್ಧ ತಾಸು ಸುಮ್ಮನೆ ತಿರುಗುತ್ತಿದ್ದ. ಆಮೇಲೆ ಒಮ್ಮೆಲೇ, ಯಾರೋ ಹೊಡೆದರೆನ್ನುವ ಹಾಗೆ, ಮೈಯೆಲ್ಲ ಎಳೆದುಕೊಂಡು ಚೊಗರಿನ ತಂಬಿಗೆ ಬೀಸಿ ಚೆಲ್ಲುತ್ತಿದ್ದ. ತೂತು ಮಾಡಿದ ಬಣ್ಣದ ಡಬ್ಬಿಯನ್ನು ತೊಲೆಗೆ ಹಗ್ಗ ಕಟ್ಟಿ ತೂಗಿಬಿಟ್ಟರೆ, ತೊಟ್ಟಿಲು ತೂಗಿದ ಹಾಗೆ ಅದು ತೂಗುತ್ತ ಕಪ್ಪು ಗೆರೆ ಸುರಿಸುತ್ತಿತ್ತು. ಅದು ಆರುವ ಮೊದಲೇ ಅಡಿಕೆ ಹಾಳೆಯಿಂದ ಬಳಿದು ತೆಗೆಯುವುದು, ಬೂದಿ ಎರಚುವುದು, ಬಿಸಿಲಿಗಿಟ್ಟು ಬಿರುಕು ಬರಿಸುವುದು, ಬಿರುಕಿಗೆ ಕೆಮ್ಮಣ್ಣು ಕುಡಿಸುವುದು, ಮತ್ತೆ ಎಲ್ಲದರ ಮೇಲೆ ಸುಣ್ಣದ ಹಾಗೆ ಬಿಳಿ ಬಳಿದು ಮೊದಲಿನಿಂದ ಶುರು.

“ದನ ಬಾಲ ಬೀಸಿದಾಂಗೆ ಇದ್ದಲ ತಮಾ,” ಎಂದು ದೇವಕಿ ನಗುತ್ತಿದ್ದಳು. ಭಟ್ಟರು ನಗುತ್ತಿರಲಿಲ್ಲ. ಚಿಕ್ಕಂದಿನಿಂದ ಪುರಾಣದ ವಾಚನಕ್ಕೆ ಕಂಬಕ್ಕೊರಗಿ ಕೂತವರು ಅವರು. ಅರ್ಥದ ಹಿಂದೆ ಓಡಬೇಡ, ರಾಗ ತಾನಾಗಿ ಇಳಿಯಲಿ ಎಂದು ಅಪ್ಪ ಕಲಿಸಿದ್ದರು. ಆ ಗೆರೆಗಳನ್ನೂ ಅವರು ಹಾಗೇ ನೋಡುತ್ತಿದ್ದರು. ಕೆಲವು ಇಳಿಯುತ್ತಿದ್ದವು, ಕೆಲವು ಇಲ್ಲ.

ಬಣ್ಣ ಬೀಳುವ ಮೊದಲು ಬಟ್ಟೆಗೆ ಅಂಟು ಹಿಡಿಸಬೇಕಿತ್ತು. ಅಲ್ಲಿಂದಲೇ ಭಟ್ಟರು ಈ ಕೆಲಸಕ್ಕೆ ಬಂದದ್ದು.

ದೀಪಾವಳಿಯ ಮರುವಾರ ನಂದನ ಒಂದು ಚೀಲ ತಂದು ಸುರಿದಿದ್ದ. ಜೇನಿನ ಬಣ್ಣದ ಗಟ್ಟಿ ತುಣುಕುಗಳು.

“ಬಟ್ಟೆ ಹಸಿದಿರ್ತು ಭಾವ. ಹಾಂಗೇ ಬಿಟ್ರೆ ಎಣ್ಣೆ ಕುಡಿದು ಕೊಳೆತು ಹೋಗ್ತು. ಮೊದಲು ಇದನ್ನ ಕುಡಿಸವು. ಕುದಿಯಲೆ ಬಿಟ್ರೆ ಬಲ ಹೋತು. ಹದ ಗೊತ್ತಿದ್ದವರು ಬೇಕು. ನೀನೇ ಸೈ.”

“ಎಂತರ ಅಂಟು ಇದು?”

“ಮರದ್ದು. ನೀನು ಬಾಣಂತಿಗೆ ಉಂಡೆ ಕಟ್ತೆ ಅಲ್ದ, ಆ ಗೋಂದಿನ ದಾಯಾದಿ.”

ತುಪ್ಪದಲ್ಲಿ ಗೋಂದು ಹುರಿದು ಎಷ್ಟು ಬಾಣಂತಿಯರಿಗೆ ಉಂಡೆ ಕಟ್ಟಿದ ಕೈ ಅದು! ಬೆಳಕಿಗೆ ಹಿಡಿದು ನೋಡಿದರೆ ತುಣುಕು ಹಾಗೇ ಹೊಳೆಯಿತು. ಭಟ್ಟರು ನಂಬಿದರು. ನಂಬಿದ್ದಷ್ಟೇ ಅಲ್ಲ, ತೆಳು ಪಾತ್ರೆಯಲ್ಲಿ ಅಡಿ ಹಿಡಿಯುತ್ತದೆಂದು ತಾವೇ ಕೊಪ್ಪರಿಗೆ ಹೊತ್ತು ತಂದರು.

ಆ ಕೊಪ್ಪರಿಗೆ ಭಟ್ಟರದಲ್ಲ, ವಾಚನ ಮಂಡಳಿಯದು. ದಪ್ಪ ಹಿತ್ತಾಳೆ, ಒಳಗೆ ಕಲಾಯಿ. ಪ್ರತಿವರ್ಷ ಯುಗಾದಿಯಿಂದ ಒಂಬತ್ತು ದಿನ ದೇವರು ಹೆಗಡೆಯವರ ಜಗಲಿಯಲ್ಲಿ ವಾಚನ, ಓದುವವರು ಹೆಗಡೆಯವರೇ. ಹತ್ತನೇ ದಿನ ಸಂತರ್ಪಣೆ. ಇನ್ನೂರು ಜನಕ್ಕೆ ಪಾಯಸ ಅದರಲ್ಲೇ ಆಗಬೇಕು. ಉಳಿದ ದಿನ ಅದು ಭಟ್ಟರ ಸುಪರ್ದಿನಲ್ಲಿ. ಮರದ ಅಂಟಿಗೆ ಮಡಿಯೇನು, ಮೈಲಿಗೆಯೇನು? ತಿಕ್ಕಿ ತೊಳೆದರಾಯಿತು.

ಭಟ್ಟರ ಮನೆತನದಲ್ಲಿ ಗಡಿಯಾರ ನೋಡಿ ಅಡುಗೆ ಮಾಡುವ ಕ್ರಮವಿಲ್ಲ. ಪದ್ಯದಲ್ಲಿ ಅಳೆಯುತ್ತಾರೆ. ಹಾಲು ಉಕ್ಕಲು ಇಷ್ಟು ಷಟ್ಪದಿ, ಬೆಲ್ಲ ಎಳೆಪಾಕಕ್ಕೆ ಬರಲು ಇಷ್ಟು. ಅಜ್ಜನಿಂದ ಬಂದದ್ದು. ಅಂಟಿಗೂ ಅವರು ಲೆಕ್ಕ ಕಂಡುಕೊಂಡರು. ರಾತ್ರಿ ನೆನೆಸಿ ಉಬ್ಬಿಸಿದ್ದನ್ನು ಕೆಂಡದ ಮೇಲಿಟ್ಟು ನಿಧಾನದ ರಾಗದಲ್ಲಿ ಹನ್ನೆರಡು ಪದ್ಯ. ಒಂದು ಹೆಚ್ಚಾದರೂ ಕೆಡುತ್ತದೆ, ಒಂದು ಕಡಿಮೆಯಾದರೆ ಕರಗುವುದಿಲ್ಲ. ಸೌಟು ತಿರುಗಿಸುತ್ತ, ಕಣ್ಣು ಮುಚ್ಚಿ, ಬಾಯೊಳಗೇ ಅವರು ಹೇಳಿಕೊಳ್ಳುತ್ತಿದ್ದರು. ಎಂಟು ಸಲ ಕಾಯಿಸಿದ್ದರು. ನಂದನ ಚಿತ್ರದ ಮೇಲೆ ಏನು ಬೇಕಾದರೂ ಚೆಲ್ಲಲಿ, ಅಡಿಯಲ್ಲಿ ತನ್ನ ಪದ್ಯ ಇದೆ ಎಂದು ಒಳಗೊಳಗೇ ಒಂದು ಹೆಮ್ಮೆ. ದೇವಕಿಗೂ ಹೇಳದ ಹೆಮ್ಮೆ ಅದು.

ನಾಡಿದ್ದು ಸಂತರ್ಪಣೆ. ಕೊಪ್ಪರಿಗೆ ಒಯ್ಯಲು ಬಂದವರು ಅದನ್ನು ಮುಟ್ಟದೆ, ಚೀಲದ ತಳದಿಂದ ಒಂದು ತುಣುಕನ್ನು ಕಾಗದದಲ್ಲಿ ಹಿಡಿದುಕೊಂಡು ರಸ್ತೆಗಿಳಿದರು. ನಂದನ ಬಣ್ಣದ ಮಣ್ಣು ತರಲು ಅರಬೈಲ್ ಘಟ್ಟಕ್ಕೆ ಹೋದವನು ಇನ್ನೂ ಬಂದಿರಲಿಲ್ಲ.

ಬಡಗಿ ಜಟ್ಟಪ್ಪ ತುಣುಕನ್ನು ಕೈಗೂ ತೆಗೆದುಕೊಳ್ಳಲಿಲ್ಲ.

“ಸರೇಸು,” ಎಂದ. “ಯಾಕ್ರ ಭಟ್ರೆ, ಸೌಟು ಬಿಟ್ಟು ಉಳಿ ಹಿಡಿಯೋ ಅಂದಾಜಾ?”

“ಇದು ಮರದ್ದಲ್ವ?”

“ಮರಕ್ಕೆ ಹಚ್ಚೋದು. ಮರದ್ದಲ್ಲ.” ಜಟ್ಟಪ್ಪ ನಕ್ಕ. “ಚರ್ಮ, ಗೊರಸು, ನರ, ಎಲ್ಲ ಬೇಯ್ಸಿ ಬತ್ಸಿ ಒಣಗ್ಸಿದ್ದು. ಹುಬ್ಬಳ್ಳಿ ಪೇಟೆಯಿಂದ ಬತ್ತದೆ.”

“ಯಾವುದರ ಚರ್ಮ?”

“ಅದನ್ನೂ ಕೇಳ್ತ್ರಲ! ಸತ್ತಿದ್ರದ್ದು. ಅದೆಂತ ಹೆಸರು ಹೇಳ್ಕಂಡು ಬತ್ತದಾ?” ಭಟ್ಟರ ಮುಖ ನೋಡಿ ಅವನ ನಗು ಸ್ವಲ್ಪ ಇಳಿಯಿತು. “ಅಷ್ಟೆಲ್ಲ ಮನಸ್ಸಿಗೆ ತಗಬೇಡಿ. ಹೋದ ವರ್ಷ ವಾಚನದ ಪುಸ್ತಕ ಇಡೋ ನಿಮ್ಮ ವ್ಯಾಸಪೀಠದ ಕಾಲು ಕಳಚಿತ್ತಲ, ಅದನ್ನ ಬೆಲ್ಲದಲ್ಲಿ ಕೂಡ್ಸಿದೆ ಅಂದ್ಕಂಡ್ರ? ಇದ್ರಲ್ಲೇ. ಹೆಗಡೇರ ಹತ್ರ ಹೇಳೇ ಹಾಕಿದ್ದು ಮತ್ತೆ. ಸರೇಸು ಅಂದ್ರೆ ಎಂತದು ಅಂತಾನೂ ಹೇಳಿದ್ದೆ. ‘ಗಟ್ಟಿ ನಿಲ್ಲಲಿ ಮಾರಾಯ, ಮೇಲೆ ಬಟ್ಟೆ ಹಾಸ್ತ್ಯ’ ಅಂದ್ರು.”

ಭಟ್ಟರು ತುಣುಕನ್ನು ಮತ್ತೆ ಕಾಗದದಲ್ಲಿ ಸುತ್ತಿದರು. ಪೀಠ ಬೇರೆ, ಪಾತ್ರೆ ಬೇರೆ ಎಂದುಕೊಳ್ಳುತ್ತ ನಡೆದರು. ಮೋರಿಯ ಹತ್ತಿರ ಬರುವಾಗ ಶಿವರಾತ್ರಿ ನೆನಪಾಯಿತು. ಅವತ್ತು ಮಂಡಳಿಯ ಪಾನಕ ಆ ಕೊಪ್ಪರಿಗೆಯಲ್ಲೇ ಕಲಸಿದ್ದು. ಬೆಲ್ಲ, ಏಲಕ್ಕಿ, ನಿಂಬೆ. ಉಪವಾಸದವರು ಐವತ್ತು ಜನ ಲೋಟ ಚಾಚಿ ಚಾಚಿ ಕುಡಿದಿದ್ದರು. ‘ಭಟ್ಟರ ಕೈಯೇ ಕೈ’ ಎಂದಿದ್ದರು. ತಾವೂ ಎರಡು ಲೋಟ ಕುಡಿದಿದ್ದರು.

ಭಟ್ಟರು ಮೋರಿಯ ಕಟ್ಟೆಗೆ ಕೈಕೊಟ್ಟು ಬಗ್ಗಿದರು. ಬೆಳಗಿನ ಅವಲಕ್ಕಿ ಪೂರಾ ಹೊರಗೆ ಬಂತು.

ಮನೆಯಲ್ಲಿ ಅಂಟುವಾಳಕಾಯಿ ಹಾಕಿ ಕೈ ತಿಕ್ಕಿದರು. ಬೂದಿ ಹಾಕಿ ತಿಕ್ಕಿದರು. ಹುಣಸೆಹಣ್ಣು ಹಾಕಿ ತಿಕ್ಕಿದರು. ಉಗುರಿನ ಸಂದಿ ಉರಿಯತೊಡಗಿತು. ಸಂಜೆ ಆಚಮನಕ್ಕೆ ಅಂಗೈಯಲ್ಲಿ ನೀರು ಹಿಡಿದು ತುಟಿಗೆ ತಂದರೆ, ಅಲ್ಲೇ ಇತ್ತು. ಆ ಸಿಹಿ. ನೀರು ನೆಲಕ್ಕೆ ಬಿಟ್ಟರು.

ದೇವಕಿ ಎಲ್ಲ ಕೇಳಿದಳು. ಅವಳಿಗೂ ಹೇಸಿಗೆಯಾಗದೆ ಇರಲಿಲ್ಲ. ಸೆರಗು ಬಾಯಿಗೆ ಹೋಯಿತು. ಆದರೆ ಅದು ಬೇಗ ಕೆಳಗೆ ಬಂತು.

“ಪ್ರತಿ ಸಲ ಹುಳಿ ಹಾಕಿ ತಿಕ್ಕಿದ್ರಿ ಅಲ್ದ? ಬೆಂಕಿ ತಾಗಿದ್ದು ಅಲ್ದ? ಮತ್ತೆಂತ ಉಳೀತು? ಬಾಯಿ ಮುಚ್ಕಂಡು ಕೂತ್ಕಳಿ. ಊರಿಗೆ ಗೊತ್ತಾದ್ರೆ ತಮ್ಮನ ಮಾತು ಇರ್ಲಿ, ನಿಮ್ಮ ಕೈಯ ಅನ್ನ ಯಾರು ಉಣ್ತ? ಮುಂದಿನ ವಾರ ಉಮ್ಮಚಗಿಲಿ ಮುಂಜಿ ಅಡುಗೆ ಇದ್ದು, ಮರೆತು ಹೋತ?”

ಭಟ್ಟರು ಅದನ್ನು ಮರೆತಿರಲಿಲ್ಲ.

ಅವತ್ತು ಎಂಟನೇ ದಿನದ ವಾಚನ. ಹೋಗಿ ಎಂದಿನ ಕಂಬ ಬಿಟ್ಟು ಕೊನೆಯ ಕಂಬದ ಬುಡದಲ್ಲಿ ಕೂತರು. ದೇವರು ಹೆಗಡೆಯವರ ಸ್ವರ ಎಪ್ಪತ್ತು ದಾಟಿದರೂ ಕಂಚಿನದು. ಪದ್ಯದ ಕೊನೆಯಲ್ಲಿ ಒಂದು ಎಳೆ ಎಳೆದರೆ ಜಗಲಿಯ ದೀಪವೂ ಕಿವಿಗೊಟ್ಟ ಹಾಗೆ ನಿಲ್ಲುತ್ತಿತ್ತು. ಭಟ್ಟರು ಕಣ್ಣು ಮುಚ್ಚಿದರು. ಬಂದದ್ದು ಅದೇ ಪದ್ಯ, ಅಂಟಿಗೆ ಹೇಳುತ್ತಿದ್ದ ಹನ್ನೆರಡರಲ್ಲಿ ಮೂರನೆಯದು. ಮೊದಲ ಸಾಲಿಗೇ ಬಾಯೊಳಗೆ ನೀರೂರಿ ವಾಕರಿಕೆ ಬಂತು. ಕೊಪ್ಪರಿಗೆಯ ಹಬೆ, ಸೌಟಿಗೆ ಎಳೆ ಎಳೆಯಾಗಿ ಅಂಟುವ ದ್ರವ, ಗೊರಸು. ಮುಂದಿನದು ಬಂತು, ಅದರ ಹಿಂದೆಯೂ ಅದೇ. ಕೈ ತೊಳೆಯಬಹುದು. ಪಾತ್ರೆಗೆ ಹೊಸ ಕಲಾಯಿ ಹಾಕಿಸಬಹುದು. ಪದ್ಯವನ್ನು ಯಾವ ಹುಳಿ ಹಾಕಿ ತಿಕ್ಕುವುದು? ಐವತ್ತು ವರ್ಷದಿಂದ ಮೈಯೊಳಗೆ ಚೊಕ್ಕಟವಾಗಿ ಇಟ್ಟುಕೊಂಡದ್ದು ಅದೊಂದೇ. ಅದನ್ನೇ ಹೇಳುತ್ತ ತಾವೇ ಕೂತು ಎಂಟು ಸಲ ಹೆಣದ ನೀರು ಕಾಯಿಸಿದ್ದರು!

ಮಂಗಳಾರತಿಗೆ ಮೊದಲೇ ಅವರು ಎದ್ದು ಹೋದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಗಿರಣಿಗೆ ಹೋಗುವಾಗ ನಂದನ ಬಂದಿದ್ದ. ಅರಬೈಲಿನ ಮಣ್ಣನ್ನು ಜರಡಿ ಹಿಡಿಯುತ್ತಿದ್ದ. ಮೊಣಕೈವರೆಗೆ ಕೆಂಪಾಗಿತ್ತು.

“ಬಾ ಭಾವ. ಈ ಮಣ್ಣು ನೋಡು, ಒಣಗಿದ ರಕ್ತದಾಂಗೆ ಇದ್ದು.”

ಭಟ್ಟರು ಮೂಗಿಗೆ ಪಂಚೆಯ ಚುಂಗು ಹಿಡಿದು ಬಕೆಟ್ಟನ್ನು ಎಳೆದು ತಂದು ಅವನ ಮುಂದಿಟ್ಟರು.

“ಇದರಲ್ಲಿ ಹುಳ ಆಯ್ದು.”

“ಚೆಲ್ಲಿದ್ರಾತು.”

“ಗೋಂದಿಗೆ ಹುಳ ಆಗ್ತಿಲ್ಲೆ.”

ನಂದನ ಜರಡಿ ಕೆಳಗಿಟ್ಟ. “ಜಟ್ಟಪ್ಪನ ಹತ್ರ ಹೋಗಿದ್ಯ?”

“ಮೊದಲು ಮೂಗೇ ಹೇಳ್ತು.”

“ಹೇಳಿದ್ರೆ ನೀನು ಮುಟ್ತಿದ್ಯ?”

“ಇಲ್ಲೆ.”

“ಮತ್ತೆ? ಅದಕ್ಕೇ ಹೇಳಿದ್ನಿಲ್ಲೆ.” ಅವನ ದನಿಯಲ್ಲಿ ತಪ್ಪು ಮಾಡಿದ ಸುಳಿವೇ ಇರಲಿಲ್ಲ. “ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಬಿಳಿ ಸಿಕ್ತು ಭಾವ. ಅದನ್ನ ಬಳಿದ್ರೆ ಬಟ್ಟೆಗೆ ರೇನ್‌ಕೋಟು ಹಾಕಿದಾಂಗೆ. ಇದು ಹಾಂಗಲ್ಲ. ಇದು ಒಣಗ್ತಾ ಒಣಗ್ತಾ ಎಳೀತು. ಕೇಳು.”

ಅವನು ಗೋಡೆಗೆ ಒರಗಿಸಿದ್ದ ದೊಡ್ಡ ಚಿತ್ರವನ್ನು ಹಿಂದಿನಿಂದ ಬೆರಳಲ್ಲಿ ತಟ್ಟಿದ. ಢಮ್ ಎಂದಿತು.

“ಮದ್ದಳೆ! ಚರ್ಮ ಇಲ್ದೆ ಈ ನಾದ ಬತ್ತ? ವಾಚನಕ್ಕೆ ಮದ್ದಳೆ ಬಾರಿಸುವಾಗ ಕಣ್ಣು ಮುಚ್ಚಿ ತಲೆದೂಗ್ತೆ. ಅದಕ್ಕೆ ಬಿಗಿದಿದ್ದು ಎಂತ, ಬಾಳೆ ಎಲೆಯ?”

“ಮದ್ದಳೆಗೆ ಚರ್ಮ ಹೇಳಿ ಎಲ್ಲರಿಗೂ ಗೊತ್ತಿದ್ದು,” ಎಂದರು ಭಟ್ಟರು. “ಅದನ್ನ ಯಾರೂ ಮರದ್ದು ಹೇಳಿ ಕೈಗೆ ಕೊಡ್ತ್ವಿಲ್ಲೆ.”

ಹಾಗೆನ್ನುತ್ತಿದ್ದಂತೆ ಭಟ್ಟರ ಕಣ್ಣು ಚಿತ್ರದ ಮೇಲೆ ಹೋಯಿತು. ಹೋಗಬಾರದಿತ್ತು. ನೆಲದ ಮೇಲೆ ಹಾಸಿದಾಗ ನೋಡಿದ್ದು ಬೇರೆ, ಎದ್ದು ನಿಂತದ್ದು ಬೇರೆ. ಚೊಗರು ಪದರ ಪದರವಾಗಿ ಕೂತು ಇಳಿಹೊತ್ತಿನ ಬೆಳಕಿನ ಹಾಗಾಗಿತ್ತು. ಕಪ್ಪು ಗೆರೆ ಎಡದ ಮೂಲೆಯಲ್ಲಿ ಹುಟ್ಟಿ, ತೂಗಿ, ತೆಳುವಾಗಿ, ಇನ್ನೇನು ಮುಗಿಯಿತು ಎನ್ನುವಲ್ಲಿ ಮತ್ತೆ ಉಸಿರು ತುಂಬಿಕೊಂಡು ಮೇಲೇರಿತ್ತು, ಹೆಗಡೆಯವರು ಪದ್ಯದ ಕೊನೆಯನ್ನು ಎಳೆಯುವ ಹಾಗೇ. ಅದು ಇಳಿಯಿತು. ಸೀದಾ ಎದೆಗೆ ಇಳಿಯಿತು. ಅಡಿಯಲ್ಲಿರುವುದು ಏನೆಂದು ಗೊತ್ತಿದ್ದೂ ಇಳಿಯಿತಲ್ಲ ಎಂದು ಭಟ್ಟರಿಗೆ ತಮ್ಮ ಮೇಲೆಯೇ ಉಗುಳಬೇಕೆನ್ನಿಸಿತು.

“ಭಾವ,” ನಂದನ ಹತ್ತಿರ ಬಂದ, ದನಿ ತಗ್ಗಿಸಿದ. “ಹೆಗಡೇರು ಈಗ ಕೊಪ್ಪರಿಗೆಗೆ ಬತ್ತ. ಅವರಿಗೆ ಗೊತ್ತಾದ್ರೆ ಇವತ್ತೇ ನನ್ನ ಹೊರಗೆ ಹಾಕ್ತ. ಹದಿನೈದು ದಿನದಲ್ಲಿ ಮುಂಬಯಿಂದ ಚಿತ್ರ ನೋಡಲೆ ಜನ ಬತ್ತ. ಎರಡು ವರ್ಷದ ಕೆಲಸ. ನೀನೂ ತಪ್ಪಿಸ್ಕತ್ತಿಲ್ಲೆ. ಶಿವರಾತ್ರಿ ಪಾನಕ ಮಾಡಿದ್ದು ಆನಲ್ಲ, ನೀನು. ಗೋಂದು ಹೇಳಿ ಒಂದು ಮಾತು ಅಂದ್ಬಿಡು. ನಾಳೆ ಪಾಯಸ ಆಗ್ಲಿ. ಆಮೇಲೆ ಆನು ಹೊಸ ಕೊಪ್ಪರಿಗೆಯನ್ನೇ ತಂದು ಕೊಡ್ತೆ.”

ಭಟ್ಟರು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಜೀಪು ನಿಂತಿತು.

ದೇವರು ಹೆಗಡೆಯವರು ಕೋಲೂರುತ್ತ ಒಳಗೆ ಬಂದರು. “ಅಬಬಾ, ಎಂತ ವಾಸನೆಯಪ ಇದು! ನಿನ್ನ ಬಣ್ಣ ನಮ್ಮನ್ನೆಲ್ಲ ಮೇಲೆ ಕಳಿಸ್ತು ತಮಾ. ವಿಘ್ನೇಶ್ವರಾ, ನಿನ್ನೆ ಆರತಿಗೆ ಇಲ್ದೆ ಎತ್ಲಾಗೆ ಹೋದೆ? ಮೈ ಹುಷಾರಿಲ್ಯ?”

ಉತ್ತರಕ್ಕೆ ಕಾಯದೆ ಅವರು ದೊಡ್ಡ ಚಿತ್ರದ ಮುಂದೆ ನಿಂತರು. ಎಷ್ಟೋ ಹೊತ್ತು ನಿಂತರು.

“ನಂಗೆಂತ ತಿಳೀತಿಲ್ಲೆ,” ಎಂದರು. “ಆದ್ರೂ ಎಂತೋ ಇದ್ದು.” ನಂದನನ ಮುಖ ಅರಳಿತು.

ಆಮೇಲೆ ಹೆಗಡೆಯವರು ಗೋಡೆಯ ಪಕ್ಕದ ಕೊಪ್ಪರಿಗೆಯ ಕಡೆ ತಿರುಗಿದರು. ಯುಗಾದಿಯ ಗಡಿಬಿಡಿಯಲ್ಲಿ ಭಟ್ಟರು ಆ ಸಲ ಅದನ್ನು ತೊಳೆಯುವ ಕೆಲಸ ನಂದನನಿಗೆ ಬಿಟ್ಟಿದ್ದರು. ನಂದನ ತೊಳೆದಿದ್ದ, ಅವನು ತೊಳೆಯುವಷ್ಟು. ಕಂಠದ ಸುತ್ತ ಜೇನಿನ ಬಣ್ಣದ ಬಳೆಯೊಂದು ಒಣಗಿ ಹೊಳೆಯುತ್ತಿತ್ತು. ಹೆಗಡೆಯವರು ಉಗುರಿನಲ್ಲಿ ಕೆರೆದರು. ಗಾಜಿನಂಥ ಒಂದು ಚೂರು ಎದ್ದು ಬಂತು.

“ಬೆಲ್ಲದ ಪಾಕವನ ಇದು? ಶಿವರಾತ್ರೀದು ಈವರೆಗೂ ಉಳೀತ?” ಎನ್ನುತ್ತ, ಮಕ್ಕಳ ಹಾಗೆ ನಗುತ್ತ, ಅದನ್ನು ಬಾಯಿಗೆ ಒಯ್ದರು. ರಾತ್ರಿಯೆಲ್ಲ ಪದ್ಯ ಹೇಳಿದ ಬಾಯಿ ಅದು.

ಭಟ್ಟರು ಎರಡು ಹೆಜ್ಜೆಯಲ್ಲಿ ದಾಟಿ ಹೋಗಿ ಅವರ ಮಣಿಕಟ್ಟು ಹಿಡಿದರು. ಹಿರಿಯರ ಕೈಯನ್ನು ಅವರು ಹಾಗೆ ಹಿಡಿದವರಲ್ಲ. ಚೂರು ಕೆಳಗೆ ಬಿತ್ತು.

ಹೆಗಡೆಯವರು ಬೆರಗಾಗಿ ಒಬ್ಬರ ನಂತರ ಒಬ್ಬರ ಮುಖ ನೋಡಿದರು. “ಎಂತದು? ಎಂತ ಅದು?”

“ಮರದ ಗೋಂದು ಹೆಗಡೆರೆ,” ಎಂದ ನಂದನ, ನಗುವಂತೆ. “ಬಟ್ಟೆಗೆ ಹಾಕುವಂಥದ್ದು. ಹಳತಾಯ್ದು, ತಿಂದ್ರೆ ಹೊಟ್ಟೆ ಕೆಡ್ತು ಹೇಳಿ ಭಾವಂಗೆ ಹೆದರಿಕೆ. ಅವನೇ ಕಾಯ್ಸಿದ್ದು, ಅವನ್ನೇ ಕೇಳಿ. ಹೇಳು ಭಾವ. ಗೋಂದು ಹೇಳಿ ಹೇಳು.”

ಹೆಗಡೆಯವರ ಮಣಿಕಟ್ಟು ಇನ್ನೂ ಭಟ್ಟರ ಕೈಯಲ್ಲೇ ಇತ್ತು. ಅದರ ನಾಡಿ ನಿಧಾನದ ರಾಗದ ಹಾಗೆ ಬಡಿಯುತ್ತಿತ್ತು.

“ಗೋಂದು ಹೇಳಿ ಹೇಳ್ತ್ನಿಲ್ಲೆ,” ಎಂದರು ವಿಘ್ನೇಶ್ವರ ಭಟ್ಟರು.